ದೊಡ್ಡ ಎಸ್‌ಯುವಿಗೆ ಬ್ರೇಕ್ ಸಾಲದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಏಳು ಸೀಟಿನ ಹಳೇ ಡೀಸೆಲ್ ಎಸ್‌ಯುವಿಯೊಂದನ್ನು ವರ್ಷಗಳಿಂದ ಓಡಿಸುತ್ತಿದ್ದೇನೆ. ಅದರ ಬ್ರೇಕ್ ಸುಧಾರಿಸಲು ಶುರುವಿನಲ್ಲಿ ನಾನು ಮಾಡಿದ ಖರ್ಚಿನಲ್ಲಿ ಅರ್ಧಕ್ಕರ್ಧ ದಂಡ. ಕಾಯಿಲೆ ಯಾವುದೆಂದು ನೋಡದೆ ಔಷಧಿ ಕೊಂಡಿದ್ದೆ, ಅಷ್ಟೇ. ಇಂಥದೇ ಗಾಡಿ ಇಟ್ಟುಕೊಂಡವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ. ಯಾವ ಪಾರ್ಟ್ ಬದಲಿಸಲಿ?

ಸದ್ಯಕ್ಕೆ ಯಾವುದೂ ಬೇಡ. "ಹಿಡಿಯುತ್ತಿಲ್ಲ" ಅನ್ನುವುದರಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ದೂರುಗಳಿವೆ. ನಿಮ್ಮದು ಯಾವುದು ಅಂತ ಮೊದಲು ಗೊತ್ತಾಗಬೇಕು.

ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದೆ, ಎಷ್ಟು ತುಳಿದರೂ ಗಾಡಿ ನಿಧಾನವಾಗುವುದಿಲ್ಲ. ಇದು ಒಂದು. ಪೆಡಲ್ ಮೆತ್ತಗೆ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಅರ್ಧ ದಾರಿ ದಾಟಿದ ಮೇಲೆ ಹಿಡಿತ ಸಿಗುತ್ತದೆ. ಇದು ಇನ್ನೊಂದು. ಬೆಳಿಗ್ಗೆ ಚೆನ್ನಾಗಿರುತ್ತದೆ, ಇಳಿಜಾರಿನಲ್ಲಿ ನಾಲ್ಕು ಸಲ ಹಿಡಿದ ಮೇಲೆ ಕೈಕೊಡುತ್ತದೆ. ಇದು ಮೂರನೆಯದು. ಕಡೆಯದು: ಪೆಡಲ್ ಸರಿಯಾಗಿದೆ, ಜೋರಾಗಿ ತುಳಿದರೆ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೂಡ ಗುರ್‌ಗುರ್ ಅನ್ನುತ್ತದೆ, ಆದರೆ ಗಾಡಿ ನಿಲ್ಲಲು ಜಾಸ್ತಿ ದೂರ ತೆಗೆದುಕೊಳ್ಳುತ್ತದೆ.

ಈ ನಾಲ್ಕಕ್ಕೂ ಕಾರಣ ಬೇರೆ, ಮದ್ದು ಬೇರೆ. ನಾಲ್ಕನೆಯದನ್ನು ಮೊದಲೇ ತೀರಿಸಿಬಿಡೋಣ. ಒಣ ರಸ್ತೆಯಲ್ಲಿ ಎಬಿಎಸ್ ಕೆಲಸ ಶುರುಮಾಡಿತು ಅಂದರೆ ಚಕ್ರವನ್ನು ಲಾಕ್ ಮಾಡುವಷ್ಟು ಬಲ ನಿಮ್ಮ ಬ್ರೇಕಿಗೆ ಈಗಾಗಲೇ ಇದೆ ಎಂದರ್ಥ. ಅಲ್ಲಿಂದ ಮುಂದೆ ಗಾಡಿಯನ್ನು ನಿಲ್ಲಿಸುವುದು ಟೈರ್. ಕೆಂಪು ಬಣ್ಣದ ದೊಡ್ಡ ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡ್‌ಗಳಿಂದ ಒತ್ತಿ ಹಿಡಿಯುವ ಭಾಗ) ಹಾಕಿಸಿದರೂ ಆ ದೂರ ಹೆಚ್ಚೇನೂ ಕಡಿಮೆಯಾಗುವುದಿಲ್ಲ.

ಕಂಪನಿಯವರೇ ದೊಡ್ಡ ಗಾಡಿಗೆ ಚಿಕ್ಕ ಬ್ರೇಕ್ ಕೊಟ್ಟಿರುತ್ತಾರಾ?

ಕೆಲವು ಹಳೇ ಮಾಡೆಲ್‌ಗಳ ವಿಷಯದಲ್ಲಿ ಈ ದೂರಿನಲ್ಲಿ ಹುರುಳಿದೆ. ಆದರೆ ಸಾಮಾನ್ಯವಾಗಿ ಆಗುವುದು ಬೇರೆ. ಗಾಡಿ ಹೊಸದಿದ್ದಾಗ ಸಾಕಾಗುತ್ತಿದ್ದ ಬ್ರೇಕ್ ಮೇಲೆ ನಾವು ಒಂದೊಂದೇ ಭಾರ ಹೇರುತ್ತಾ ಹೋಗುತ್ತೇವೆ. ಮೇಲೆ ಕ್ಯಾರಿಯರ್, ಮುಂದೆ ಕಬ್ಬಿಣದ ಬಂಪರ್, ದೊಡ್ಡ ಟೈರ್, ಹಿಂದೆ ಮೂರನೇ ಸಾಲಿನ ತುಂಬ ಜನ.

ಲೆಕ್ಕ ನೋಡಿ. 2500 ಕಿಲೋ ತೂಕದ ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿರುವ ಚಲನಶಕ್ತಿ ಸುಮಾರು 347 ಕಿಲೋಜೂಲ್. 100 ಕಿ.ಮೀ. ವೇಗಕ್ಕೆ ಬಂದರೆ ಸುಮಾರು 965. ವೇಗ ಎರಡು ಪಟ್ಟೂ ಆಗಿಲ್ಲ, ಶಕ್ತಿ ಮಾತ್ರ ಹತ್ತಿರ ಹತ್ತಿರ ಮೂರು ಪಟ್ಟಾಯಿತು. ಮೂರು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಹೆಚ್ಚುಕಡಿಮೆ ಇಷ್ಟೇ ಶಾಖ ಸಾಕು. ಅಷ್ಟನ್ನೂ ನಾಲ್ಕು ಚಕ್ರಗಳ ಬ್ರೇಕ್ ನಾಲ್ಕೈದು ಸೆಕೆಂಡಿನಲ್ಲಿ ನುಂಗಬೇಕು. ಇದರ ಮೇಲೆ 500 ಕಿಲೋ ಜನ, ಲಗೇಜು ಸೇರಿದರೆ ಇನ್ನೂ ಐದನೇ ಒಂದು ಭಾಗ ಜಾಸ್ತಿ.

ಬ್ರೇಕ್ ಅಂದರೆ ಚಲನೆಯನ್ನು ಶಾಖ ಮಾಡುವ ಯಂತ್ರ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಪೆಡಲ್ ವಿಪರೀತ ಗಟ್ಟಿ. ಕಾಲು ನೋವು ಬರುತ್ತದೆ. ಯಾಕೆ?

ಮೊದಲ ಅನುಮಾನ ಬೂಸ್ಟರ್ ಮೇಲೆ. ನಿಮ್ಮ ಕಾಲಿನ ಬಲವನ್ನು ಹೆಚ್ಚಿಸಿ ಕೊಡುವುದು ಪೆಡಲ್ ಮುಂದಿರುವ ಆ ದುಂಡನೆಯ ಡಬ್ಬಿ. ಅದಕ್ಕೆ ಒಂದು ಕಡೆ ನಿರ್ವಾತ ಬೇಕು, ಅಂದರೆ ವ್ಯಾಕ್ಯೂಮ್. ಪೆಟ್ರೋಲ್ ಇಂಜಿನ್‌ನಲ್ಲಿ ಅದು ಸಾಮಾನ್ಯವಾಗಿ ಮ್ಯಾನಿಫೋಲ್ಡ್‌ನಿಂದ, ಅಂದರೆ ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯಿಂದ ಸಿಗುತ್ತದೆ. ಡೀಸೆಲ್‌ನಲ್ಲಿ ಅದಕ್ಕೆಂದೇ ವ್ಯಾಕ್ಯೂಮ್ ಪಂಪ್ ಇರುತ್ತದೆ. ಪಂಪ್ ಸವೆದರೆ, ಪೈಪ್ ಬಿರುಕು ಬಿಟ್ಟರೆ, ಬೂಸ್ಟರಿನ ಒಳಗಿನ ರಬ್ಬರ್ ಪೊರೆ ಹರಿದರೆ ಪೆಡಲ್ ಗಟ್ಟಿಯಾಗುತ್ತದೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಇಂಜಿನ್ ಆಫ್ ಮಾಡಿ. ಪೆಡಲನ್ನು ಐದಾರು ಸಲ ತುಳಿಯಿರಿ. ಗಟ್ಟಿಯಾಗುತ್ತದೆ. ಈಗ ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನಡಿ ತುಸು ಕೆಳಕ್ಕೆ ಇಳಿಯಬೇಕು. ಇಳಿಯಲಿಲ್ಲ ಅಂದರೆ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಕೈಕೊಟ್ಟಿದೆ. ತುಳಿದಾಗ ಪೆಡಲ್ ಬುಡದಲ್ಲಿ "ಸ್ಸ್" ಅಂತ ಗಾಳಿ ಎಳೆಯುವ ಸದ್ದು ನಿಲ್ಲದೆ ಬಂದರೂ ಅಷ್ಟೇ. ವಿದ್ಯುತ್ ಬೂಸ್ಟರ್ ಇರುವ ಹೊಸ ಗಾಡಿಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಸ್ಕ್ಯಾನರ್ (ಗಾಡಿಯ ಎಲೆಕ್ಟ್ರಾನಿಕ್ಸ್ ಪರೀಕ್ಷಿಸುವ ಯಂತ್ರ) ಹಾಕಿಯೇ ನೋಡಬೇಕು.

ಒಂದು ಉಪಕಥೆ. ಎತ್ತರದ ಬೆಟ್ಟ ಪ್ರದೇಶಕ್ಕೆ ಹೋದಾಗ ಪೆಡಲ್ ಸ್ವಲ್ಪ ಗಟ್ಟಿ ಅನ್ನಿಸಿದರೆ ಗಾಬರಿ ಬೇಡ. ಬೂಸ್ಟರ್ ಕೆಲಸ ಮಾಡುವುದು ಹೊರಗಿನ ಗಾಳಿಯ ಒತ್ತಡಕ್ಕೂ ಒಳಗಿನ ನಿರ್ವಾತಕ್ಕೂ ಇರುವ ವ್ಯತ್ಯಾಸದಿಂದ. 3000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 70ರಷ್ಟು ಮಾತ್ರ. ಬೂಸ್ಟರಿನ ಸಹಾಯವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ.

ಪೆಡಲ್ ಮೆತ್ತಗಿದೆ, ತುಂಬಾ ಒಳಗೆ ಹೋಗುತ್ತದೆ. ಏರ್ ಸೇರಿದೆಯಾ?

ಇರಬಹುದು. ಎರಡು ಮೂರು ಸಲ ಪಟಪಟ ತುಳಿದಾಗ ಪೆಡಲ್ ಮೇಲೆ ಬಂದು ಗಟ್ಟಿಯಾದರೆ ಬ್ರೇಕ್ ಆಯಿಲ್ ಹರಿಯುವ ಲೈನಿನಲ್ಲಿ ಏರ್ ಇರಬಹುದು, ಇಲ್ಲವೇ ಹಿಂದಿನ ಡ್ರಮ್ ಬ್ರೇಕ್ ಸಡಿಲವಾಗಿದೆ. ಡ್ರಮ್ಮಿನ ಲೈನರ್ ಸವೆದಂತೆಲ್ಲ ತಾನೇ ಬಿಗಿಯಾಗಬೇಕಾದ ಅಡ್ಜಸ್ಟರ್ ದೂಳು, ತುಕ್ಕು ಹಿಡಿದು ನಿಂತುಬಿಡುತ್ತದೆ. ಹ್ಯಾಂಡ್‌ಬ್ರೇಕ್ ಮೊದಲಿಗಿಂತ ಹೆಚ್ಚು ಮೇಲಕ್ಕೆ ಎಳೆಯಬೇಕಾಗಿದ್ದರೆ ಈ ಅನುಮಾನ ಇನ್ನೂ ಜಾಸ್ತಿ. ಡ್ರಮ್ ಬಿಚ್ಚಿ ಕ್ಲೀನ್ ಮಾಡಿ ಅಡ್ಜಸ್ಟ್ ಮಾಡಿಸಿದರೆ ಪೆಡಲ್ ಒಂದೇ ದಿನದಲ್ಲಿ ಮೇಲೆ ಬಂದಿರುವುದನ್ನು ನೋಡಿದ್ದೇನೆ.

ಸಿಗ್ನಲ್‌ನಲ್ಲಿ ಕಾಲು ಒತ್ತಿ ಹಿಡಿದಿದ್ದಾಗ ಪೆಡಲ್ ಮೆಲ್ಲಗೆ, ಒಂದೇ ಸಮ ಕೆಳಗೆ ಜಾರುತ್ತಿದ್ದರೆ ವಿಷಯ ಬೇರೆ. ಹೊರಗೆ ಎಲ್ಲೂ ಲೀಕ್ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ತುಳಿತವನ್ನು ಆಯಿಲ್ ಒತ್ತಡ ಮಾಡುವ ಭಾಗ) ಒಳಗಿನ ಸೀಲ್ ಹೋಗಿದೆ ಅಂತ ತಿಳಿಯಿರಿ. ಅಂಥ ಗಾಡಿಯನ್ನು "ನಾಳೆ ನೋಡೋಣ" ಅಂತ ಓಡಿಸಬೇಡಿ.

ಬ್ರೇಕ್ ಆಯಿಲ್ ಬದಲಿಸಿದರೆ ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತದಾ?

ಬ್ರೇಕ್ ಸುಧಾರಿಸಲು ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಜನ ಮರೆಯುವ ಕೆಲಸ ಇದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಮುಚ್ಚಳ ಬಿಗಿಯಾಗಿದ್ದರೂ ರಬ್ಬರ್ ಹೋಸ್‌ಗಳ ಮೂಲಕ ವರ್ಷಗಟ್ಟಲೆ ನೀರಿನಂಶ ಸೇರುತ್ತಲೇ ಇರುತ್ತದೆ. ನೀರು ಸೇರಿದಂತೆ ಅದು ಕುದಿಯುವ ತಾಪಮಾನ ಕೆಳಗಿಳಿಯುತ್ತದೆ.

ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಸೇರಿದಾಗ ಕನಿಷ್ಠ 140. ಡಾಟ್ 4ಕ್ಕೆ ಈ ಮಿತಿ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ತೇವ ಸೇರಿದ್ದು ಅಂದರೆ ಇಲ್ಲಿ ಶೇ 3.7ರಷ್ಟು ನೀರು. ಅಷ್ಟೇ ಸಾಕು 65ರಿಂದ 80 ಡಿಗ್ರಿ ಕಳೆದುಕೊಳ್ಳಲು. ದೊಡ್ಡ ಗಾಡಿಯ ಕ್ಯಾಲಿಪರ್ ಉದ್ದದ ಇಳಿಜಾರಿನಲ್ಲಿ ಹೀಗೆ ಬಿಸಿಯಾಗುವುದು ದೊಡ್ಡ ವಿಷಯವಲ್ಲ. ಆಯಿಲ್ ಕುದಿದರೆ ಆವಿಯ ಗುಳ್ಳೆ. ಆವಿ ಕುಗ್ಗುತ್ತದೆ, ಆಯಿಲ್ ಕುಗ್ಗುವುದಿಲ್ಲ. ಪೆಡಲ್ ನೆಲ ಮುಟ್ಟುತ್ತದೆ.

ನನ್ನ ಗಾಡಿಯ ಹಿಂದಿನ ಚಕ್ರದಲ್ಲಿ ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿ ಬಾಟಲಿಗೆ ಬಿಟ್ಟಾಗ ಮೊದಲು ಬಂದದ್ದು ಮಸಿ ಕದಡಿದಂಥ ಕಪ್ಪು ನೀರು. ತಳದಲ್ಲಿ ಸಣ್ಣ ರವೆಯಂಥ ಕಣಗಳು. ಆಮೇಲೆ ಕಂದು, ಕಡೆಗೆ ಜೇನಿನ ಬಣ್ಣದ ಹೊಸ ಆಯಿಲ್. ಆ ಕಪ್ಪು ದ್ರವದ ಮೇಲೆ ನಂಬಿಕೆ ಇಟ್ಟು ಎಷ್ಟು ಘಾಟಿ ಇಳಿದಿದ್ದೆನೋ!

ಎರಡು ವರ್ಷಕ್ಕೊಮ್ಮೆ ಬದಲಿಸಿ, ನಿಮ್ಮ ಗಾಡಿಯ ಪುಸ್ತಕ ಇನ್ನೂ ಬೇಗ ಅಂದರೆ ಇನ್ನೂ ಬೇಗ. ಡಾಟ್ 3 ಇರುವ ಗಾಡಿಗೆ ಸಾಮಾನ್ಯವಾಗಿ ಡಾಟ್ 4 ಹಾಕಬಹುದು. ಎರಡರ ಮೂಲ ಒಂದೇ ಜಾತಿಯದು, ಗ್ಲೈಕಾಲ್. ಆದರೆ ಡಾಟ್ 5 ಸಿಲಿಕೋನ್. ಹೆಸರು 5.1ಕ್ಕೆ ಹತ್ತಿರ ಇದೆ ಅಂತ ಮೋಸ ಹೋಗಬೇಡಿ, ಅದನ್ನು ಇವುಗಳ ಜೊತೆ ಬೆರೆಸಲೇಬಾರದು. ಒಡೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯ ಆಯಿಲ್ ಬಳಸಬೇಡಿ. ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಪೇಂಟ್ ಎದ್ದುಬರುತ್ತದೆ.

ಏರ್ ತೆಗೆಯುವಾಗ ಏನು ಗಮನಿಸಬೇಕು?

ಬ್ರೇಕ್ ಆಯಿಲ್ ತುಂಬುವ ಮೇಲಿನ ಡಬ್ಬಿ ಖಾಲಿಯಾಗಲು ಬಿಡಬಾರದು. ಖಾಲಿಯಾಗಿ ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕರೆ ಅದನ್ನು ತೆಗೆಯಲು ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರ್ ಬೇಕೇ ಬೇಕು. ಇನ್ನೊಂದು: ಹಳೇ ಗಾಡಿಯಲ್ಲಿ ಪೆಡಲನ್ನು ನೆಲದವರೆಗೆ ತುಳಿಯಬೇಡಿ. ಮಾಸ್ಟರ್ ಸಿಲಿಂಡರಿನ ಸೀಲ್ ಎಂದೂ ಓಡಾಡದ ಜಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಸೀಲ್ ಅದರ ಮೇಲೆ ಉಜ್ಜಿ ಹರಿಯುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು. ಯಾವ ಚಕ್ರದಿಂದ ಶುರುಮಾಡಬೇಕು ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಪುಸ್ತಕ ನೋಡಿ.

ಪ್ಯಾಡ್ ಇನ್ನೂ ಇದೆ, ಆಯಿಲ್ ಹೊಸದು. ಆದರೂ ಹಿಡಿತ ಕಡಿಮೆ. ಇನ್ನೇನು?

ಕ್ಯಾಲಿಪರ್ ಪಿನ್ ನೋಡಿ. ಒಂದೇ ಕಡೆ ಪಿಸ್ಟನ್ ಇರುವ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಆಚೀಚೆ ಜಾರಬೇಕು. ಆಗಲೇ ಹೊರಗಿನ ಪ್ಯಾಡ್ ಕೂಡ ಡಿಸ್ಕನ್ನು ಒತ್ತುವುದು. ಪಿನ್ ಹಿಡಿದುಕೊಂಡರೆ ಒಳಗಿನ ಪ್ಯಾಡ್ ಒಂದೇ ದುಡಿಯುತ್ತದೆ.

ನನಗೆ ಆದದ್ದೂ ಇದೇ. ಹೊರಗಿನಿಂದ ಚಕ್ರದ ಕಡ್ಡಿಗಳ ನಡುವೆ ಇಣುಕಿ "ಪ್ಯಾಡ್ ಬೇಕಾದಷ್ಟಿದೆ" ಅಂತ ಒಂದು ಗ್ಯಾರೇಜಿನವರು ಎರಡು ಸರ್ವಿಸ್ ದಾಟಿಸಿದ್ದರು. ಚಕ್ರ ಬಿಚ್ಚಿ ನೋಡಿದರೆ ಹೊರಗಿನದು 7 ಮಿ.ಮೀ., ಒಳಗಿನದು 2 ಮಿ.ಮೀ. ಕೂಡ ಇಲ್ಲ. ಪಿನ್ನಿನ ರಬ್ಬರ್ ಹೊದಿಕೆ ಹರಿದು ನೀರು ಹೋಗಿತ್ತು. ಕೈಯಲ್ಲಿ ಎಳೆದರೆ ಬರಬೇಕಾದ ಪಿನ್ನನ್ನು ಸ್ಪ್ಯಾನರ್ ಹಾಕಿ ತಿರುವಿ ತಿರುವಿ ಕಿತ್ತೆವು. ಹೊರಬಂದಾಗ ಕೆಂಪು ತುಕ್ಕಿನ ಪುಡಿ ಬುಳಬುಳನೆ ಉದುರಿತು. ಹೊಸ ಪಿನ್, ಹೊಸ ರಬ್ಬರ್, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್. ಇಷ್ಟರಲ್ಲೇ ಗಾಡಿ ಬೇರೆಯೇ ಗಾಡಿಯಾಯಿತು. ಸಾಮಾನ್ಯ ಗ್ರೀಸ್ ಮಾತ್ರ ಹಚ್ಚಬೇಡಿ, ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ.

ಬಿಚ್ಚದೆಯೇ ಸುಳಿವು ಬೇಕೆಂದರೆ ಅರ್ಧ ಗಂಟೆ ಓಡಿಸಿ ಬಂದ ಮೇಲೆ ದೂರದಿಂದ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಮುಂದಿನ ಎರಡೂ ಡಿಸ್ಕ್‌ಗಳ ಬಿಸಿ ನೋಡಿ. ಎಡಕ್ಕೂ ಬಲಕ್ಕೂ ಭಾರೀ ವ್ಯತ್ಯಾಸ ಇದ್ದರೆ ಒಂದು ಕಡೆ ಕೆಲಸ ಮಾಡುತ್ತಿಲ್ಲ, ಅಥವಾ ಇನ್ನೊಂದು ಕಡೆ ಬಿಡುತ್ತಿಲ್ಲ. ಬಿಡದೇ ಇರಲು ಹಳೇ ರಬ್ಬರ್ ಹೋಸ್ ಕೂಡ ಕಾರಣವಿರಬಹುದು. ಒಳಗೆ ಊದಿಕೊಂಡ ಹೋಸ್ ಒತ್ತಡವನ್ನು ಹೋಗಲು ಬಿಡುತ್ತದೆ, ವಾಪಸ್ ಬರಲು ಬಿಡುವುದಿಲ್ಲ.

ಯಾವ ಪ್ಯಾಡ್ ಒಳ್ಳೆಯದು? ಸೆರಾಮಿಕ್ ಹಾಕಿಸಲಾ?

ಸೆರಾಮಿಕ್ ಸದ್ದು ಕಡಿಮೆ ಮಾಡುತ್ತದೆ, ಚಕ್ರದ ಮೇಲೆ ಕಪ್ಪು ಪುಡಿ ಕೂರುವುದೂ ಕಡಿಮೆ. ಊರೊಳಗೆ ಓಡಾಡುವ ಗಾಡಿಗೆ ಹಿತ. ಆದರೆ ಭಾರದ ಗಾಡಿ, ಘಾಟಿ, ಟ್ರೇಲರ್ ಎಳೆಯುವುದು ಇವೆಲ್ಲ ಇದ್ದರೆ ಒಳ್ಳೆಯ ಸೆಮಿ ಮೆಟಾಲಿಕ್ ಪ್ಯಾಡ್ ನನ್ನ ಆಯ್ಕೆ. ಬಿಸಿಯಾದಾಗ ಅದು ತಡೆಯುತ್ತದೆ. ಸ್ವಲ್ಪ ಕಿರುಗುಟ್ಟಬಹುದು. ಇರಲಿ ಬಿಡಿ.

ಡಬ್ಬಿಯ ಮೇಲಿನ ಜಾಹೀರಾತಿಗಿಂತ ಪ್ಯಾಡಿನ ಅಂಚು ಓದಿ. ಅನೇಕ ಪ್ಯಾಡ್‌ಗಳ ಅಂಚಿನಲ್ಲಿ ಉದ್ದನೆಯ ಸಂಕೇತದ ಕೊನೆಗೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ಸಾಮಾನ್ಯ ತಾಪಮಾನದ ಘರ್ಷಣೆ, ಎರಡನೆಯದು ಬಿಸಿಯಾದಾಗಿನದು. ಇ ಅಂದರೆ 0.25ರಿಂದ 0.35. ಎಫ್ ಅಂದರೆ 0.35ರಿಂದ 0.45. ಜಿ ಅಂದರೆ 0.45ರಿಂದ 0.55. ಎಫ್‌ಇ ಎಂದು ಇದ್ದರೆ ಬಿಸಿಯಾದಾಗ ಹಿಡಿತ ಕಡಿಮೆಯಾಗುತ್ತದೆ ಎಂದು ಪ್ಯಾಡೇ ಒಪ್ಪಿಕೊಂಡಂತೆ. ದೊಡ್ಡ ಗಾಡಿಗೆ ಎಫ್‌ಎಫ್‌ಗಿಂತ ಕೆಳಗೆ ಹೋಗಬೇಡಿ.

ರೇಸಿಂಗ್ ಪ್ಯಾಡ್ ಬೇಡವೇ ಬೇಡ. ಅವು ಬಿಸಿಯಾದ ಮೇಲೆ ಹಿಡಿಯುವಂಥವು. ಬೆಳಿಗ್ಗೆ ಗೇಟಿನಿಂದ ಹೊರಬಂದ ಕೂಡಲೇ ಮಗುವೊಂದು ಅಡ್ಡ ಓಡಿದರೆ ನಿಮಗೆ ಬೇಕಾದದ್ದು ತಣ್ಣಗಿರುವಾಗ ಹಿಡಿಯುವ ಪ್ಯಾಡ್, ಅಲ್ವಾ?

ಹೊಸ ಪ್ಯಾಡ್ ಹಾಕಿಸಿದ ಮೇಲೆ ಬ್ರೇಕ್ ಇನ್ನೂ ಕಡಿಮೆಯಾಯಿತು!

ಪ್ಯಾಡ್ ಡಿಸ್ಕಿಗೆ ಇನ್ನೂ ಹೊಂದಿಕೊಂಡಿಲ್ಲ. ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ ಸುಮಾರು 10ಕ್ಕೆ, ಮಧ್ಯಮ ಬಲದಲ್ಲಿ, ಎಂಟು ಹತ್ತು ಸಲ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ನಡುನಡುವೆ ಅರ್ಧ ನಿಮಿಷ ಓಡಲು ಬಿಡಿ. ಕೊನೆಗೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣ್ಣಗಾಗಿಸಿ. ಪ್ಯಾಡ್ ಕಂಪನಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ. ಸುಟ್ಟ ವಾಸನೆ ಸ್ವಲ್ಪ ಬರುತ್ತದೆ, ಹೆದರಬೇಡಿ.

ತೂತು ಕೊರೆದ ಡಿಸ್ಕ್ ಹಾಕಿದರೆ ಬೇಗ ತಣ್ಣಗಾಗುತ್ತದೆಯಂತೆ?

ನೋಡಲು ಚೆಂದ. ಭಾರದ ಗಾಡಿಯಲ್ಲಿ ಪದೇ ಪದೇ ಬಿಸಿಯಾದಾಗ ತೂತಿನ ಸುತ್ತ ಸಣ್ಣ ಬಿರುಕು ಹುಟ್ಟುತ್ತದೆ. ಕೊರೆದಷ್ಟು ಕಬ್ಬಿಣ ಕಡಿಮೆ, ಶಾಖ ಹೀರುವ ತಾಕತ್ತೂ ಅಷ್ಟು ಕಡಿಮೆ. ಗೆರೆ ಕೊರೆದ ಡಿಸ್ಕ್ ಪರವಾಗಿಲ್ಲ, ಕೆಸರು ನೀರಿನಲ್ಲಿ ಓಡಾಡುವವರಿಗೆ ಪ್ಯಾಡಿನ ಮುಖ ಶುಚಿಯಾಗಿಡುತ್ತದೆ. ಉಳಿದವರಿಗೆ ನಡುವೆ ಗಾಳಿ ಹಾದುಹೋಗುವ ಸಾದಾ ದಪ್ಪ ಡಿಸ್ಕ್ ಸಾಕು. ಹಳೆಯದನ್ನು ಬದಲಿಸುವ ಕಾಲ ಬಂತಾ ಅಂತ ತಿಳಿಯಲು ಡಿಸ್ಕಿನ ಮೇಲೇ ಕೆತ್ತಿದ ಕನಿಷ್ಠ ದಪ್ಪ ನೋಡಿ. ಅದಕ್ಕಿಂತ ತೆಳುವಾಗಿದ್ದರೆ ಲೇತ್‌ಗೆ ಕೊಟ್ಟು ಉಜ್ಜಿಸುವ ಮಾತೇ ಇಲ್ಲ.

ದೊಡ್ಡ ಟೈರ್ ಹಾಕಿಸಿ, ಗಾಡಿ ಎತ್ತರಿಸಿದ ಮೇಲೆ ಬ್ರೇಕ್ ಕಡಿಮೆಯಾಗಿದೆ. ಇದು ನನ್ನ ಭ್ರಮೆಯಾ?

ಭ್ರಮೆಯಲ್ಲ. 30 ಇಂಚು ಎತ್ತರದ ಟೈರ್ ಜಾಗದಲ್ಲಿ 33 ಇಂಚಿನದು ಬಂದರೆ, ರಸ್ತೆಯಲ್ಲಿ ಅದೇ ಹಿಡಿತ ಸಿಗಲು ಬ್ರೇಕ್ ಶೇ 10ರಷ್ಟು ಜಾಸ್ತಿ ತಿರುಗುಬಲ ಕೊಡಬೇಕು. ಉದ್ದನೆಯ ಸನ್ನೆಕೋಲು ಈಗ ರಸ್ತೆಯ ಕಡೆ ಇದೆ. ಜೊತೆಗೆ ತಿರುಗುವ ಟೈರೇ ಭಾರ. ಮೇಲೆ ಸ್ಪೀಡೋಮೀಟರ್ ಬೇರೆ ಸುಳ್ಳು ಹೇಳುತ್ತದೆ. ಮುಳ್ಳು ಮೊದಲಿನ ಜಾಗದಲ್ಲೇ ಇದ್ದರೂ ನೀವು ಮೊದಲಿಗಿಂತ ಹತ್ತನೇ ಒಂದು ಭಾಗ ವೇಗವಾಗಿ ಹೋಗುತ್ತಿರುತ್ತೀರಿ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಶೇ 21ರಷ್ಟು ಹೆಚ್ಚು ಶಾಖ.

ಎತ್ತರಿಸುವುದರಲ್ಲಿ ಇನ್ನೊಂದು ಗುಟ್ಟಿದೆ. ಎಷ್ಟೋ ಹಳೇ ಚಾಸಿ ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಒಂದು ವಾಲ್ವ್ ಇರುತ್ತದೆ. ಅದರ ಸಣ್ಣ ಕಡ್ಡಿ ಆಕ್ಸಲ್ಲಿಗೆ ಸೇರಿರುತ್ತದೆ. ಗಾಡಿಯಲ್ಲಿ ಭಾರ ಇದ್ದಾಗ ಚಾಸಿ ಕೆಳಗೆ ಕೂರುತ್ತದೆ, ಕಡ್ಡಿ ಮೇಲಕ್ಕೆ ತಳ್ಳುತ್ತದೆ, ವಾಲ್ವ್ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಗಾಡಿ ಖಾಲಿ ಇದ್ದರೆ ಹಿಂದಿನ ಚಕ್ರ ಲಾಕ್ ಆಗದಿರಲೆಂದು ಕಡಿಮೆ ಬಿಡುತ್ತದೆ. ಈಗ ನೀವು ಸ್ಪ್ರಿಂಗ್ ಬದಲಿಸಿ ಎರಡು ಇಂಚು ಎತ್ತರಿಸಿದಿರಿ. ವಾಲ್ವಿನ ಲೆಕ್ಕದಲ್ಲಿ ಗಾಡಿ ಯಾವಾಗಲೂ ಖಾಲಿ! ಏಳು ಜನ ಕೂತರೂ ಹಿಂದಿನ ಬ್ರೇಕ್ ಅರೆಮನಸ್ಸಿನಿಂದ ಕೆಲಸ ಮಾಡುತ್ತದೆ. ಆ ಕಡ್ಡಿಯ ಬ್ರಾಕೆಟ್ಟನ್ನು ಎತ್ತರಿಸಿದಷ್ಟೇ ಸರಿಸಿ ಹೊಂದಿಸಬೇಕು. ಇದು ಅಂದಾಜಿನ ಕೆಲಸವಲ್ಲ. ಜಾಸ್ತಿ ಬಿಗಿದರೆ ಮಳೆಯಲ್ಲಿ ಹಿಂದಿನ ಚಕ್ರ ಮೊದಲು ಜಾರಿ ಗಾಡಿ ತಿರುಗುತ್ತದೆ. ಹೊಸ ಗಾಡಿಗಳಲ್ಲಿ ಈ ಕೆಲಸವನ್ನು ಇಬಿಡಿ (ಮುಂದೆ ಹಿಂದೆ ಬ್ರೇಕ್ ಬಲ ಹಂಚುವ ವ್ಯವಸ್ಥೆ) ಎಲೆಕ್ಟ್ರಾನಿಕ್ಸ್‌ನಿಂದ ಮಾಡುತ್ತದೆ, ಕಡ್ಡಿ ಇರುವುದಿಲ್ಲ.

ಸ್ಟೀಲ್ ಹೆಣೆದ ಬ್ರೇಕ್ ಹೋಸ್ ಹಾಕಿಸಿದರೆ ಲಾಭವಿದೆಯೇ?

ಪೆಡಲ್ ಗಟ್ಟಿ, ಚುರುಕು ಅನ್ನಿಸುತ್ತದೆ, ಯಾಕೆಂದರೆ ಹೋಸ್ ಉಬ್ಬುವುದಿಲ್ಲ. ನಿಲ್ಲುವ ದೂರ ತಾನಾಗಿ ಇಳಿಯುವುದಿಲ್ಲ. ಹತ್ತು ವರ್ಷದ ರಬ್ಬರ್ ಹೋಸ್ ಹೇಗೂ ಬದಲಿಸಬೇಕಾಗಿದ್ದರೆ ಹಾಕಿಸಿ. ಎತ್ತರಿಸಿದ ಗಾಡಿಗೆ ಉದ್ದ ಸಾಕಾಗುತ್ತದಾ ಅಂತ ಮಾತ್ರ ಚಕ್ರ ಪೂರ್ತಿ ಇಳಿಬಿಟ್ಟು, ಸ್ಟೀರಿಂಗ್ ಎರಡೂ ಕಡೆ ತಿರುಗಿಸಿ ನೋಡಿ.

ದೊಡ್ಡ ಬ್ರೇಕ್ ಕಿಟ್ ಬಗ್ಗೆ ಏನಂತೀರಿ?

ಎಲ್ಲಾ ಸರಿಯಿದ್ದೂ ಬಿಸಿಯಾಗಿ ಕೈಕೊಡುವ ಗಾಡಿಗೆ ಅದು ನಿಜವಾದ ಉತ್ತರ. ದೊಡ್ಡ ಡಿಸ್ಕ್ ಅಂದರೆ ಜಾಸ್ತಿ ಕಬ್ಬಿಣ. ಜಾಸ್ತಿ ಕಬ್ಬಿಣ ಅಂದರೆ ಅದೇ ಶಾಖಕ್ಕೆ ಕಡಿಮೆ ತಾಪಮಾನ. ಪ್ಯಾಡ್ ಒತ್ತುವ ಜಾಗ ಚಕ್ರದ ನಡುವಿನಿಂದ 130 ಮಿ.ಮೀ. ದೂರ ಇದ್ದದ್ದು 145 ಆದರೆ ಅದೇ ಒತ್ತಡಕ್ಕೆ ಶೇ 11ಕ್ಕೂ ಹೆಚ್ಚು ತಿರುಗುಬಲ. ಮೇಲೆ ಹೇಳಿದ 33 ಇಂಚಿನ ಟೈರ್ ನೆನಪಿದೆಯಲ್ಲ? ಅದು ತಿಂದದ್ದನ್ನು ಈ ಕಿಟ್ ವಾಪಸ್ ಕೊಡುತ್ತದೆ, ಅಷ್ಟೇ. ಹಳೇ ಅಳತೆಯ ಟೈರಿಗೆ ಮರಳಿದ್ದರೂ ಹೆಚ್ಚುಕಡಿಮೆ ಅದೇ ಫಲ. ಈ ಮಾತು ಯಾರಿಗೂ ಇಷ್ಟವಾಗುವುದಿಲ್ಲ.

ಕಿಟ್ ತೆಗೆದುಕೊಳ್ಳುವುದೇ ಆದರೆ ಮೂರು ವಿಷಯ ವಿಚಾರಿಸಿ. ನಿಮ್ಮ ರಿಮ್ಮಿನೊಳಗೆ ಕೂರುತ್ತದಾ? ಕ್ಯಾಲಿಪರ್ ಪಿಸ್ಟನ್‌ಗಳ ಒಟ್ಟು ಗಾತ್ರ ನಿಮ್ಮ ಮಾಸ್ಟರ್ ಸಿಲಿಂಡರಿಗೆ ಹೊಂದುತ್ತದಾ? ಪಿಸ್ಟನ್ ತುಂಬಾ ದೊಡ್ಡದಾದರೆ ಪೆಡಲ್ ಆಳಕ್ಕೆ ಹೋಗುತ್ತದೆ. ಮೂರನೆಯದು, ಮುಂದೆ ಮಾತ್ರ ಬಲ ಹೆಚ್ಚಿಸಿದರೆ ಹಿಂದುಮುಂದಿನ ಹೊಂದಾಣಿಕೆ ಏನಾಗುತ್ತದೆ? ನಿಮ್ಮದೇ ಮಾಡೆಲ್ಲಿನ ಭಾರದ ಆವೃತ್ತಿಗೆ ಕಂಪನಿಯೇ ದೊಡ್ಡ ಬ್ರೇಕ್ ಕೊಟ್ಟಿದ್ದರೆ, ಅದು ನಿಮ್ಮ ಗಾಡಿಗೆ ನೇರವಾಗಿ ಕೂರುವಂತಿದ್ದರೆ, ನಾನು ಅದನ್ನೇ ಆರಿಸುವೆ.

ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರೆ ಬ್ರೇಕ್ ಜೋರಾಗುತ್ತದಲ್ಲ?

ಉಲ್ಟಾ. 7/8 ಇಂಚಿನ ಬದಲು 1 ಇಂಚಿನದು ಹಾಕಿದರೆ, ಅದೇ ಬಲಕ್ಕೆ ಲೈನಿನ ಒತ್ತಡ ಸುಮಾರು ಕಾಲುಭಾಗ ಇಳಿಯುತ್ತದೆ. ಪೆಡಲ್ ಗಿಡ್ಡವಾಗಿ, ಗಟ್ಟಿಯಾಗಿ ಸಿಗುವುದರಿಂದ ಜೋರಾಯಿತು ಅನ್ನಿಸುತ್ತದೆ. ಕಾಲಿಗೆ ಕೆಲಸ ಮಾತ್ರ ಜಾಸ್ತಿ.

ಘಾಟಿ ಇಳಿಯುವಾಗ ಬ್ರೇಕ್ ಹೋಗುವ ಹೆದರಿಕೆ. ಏನು ಮಾಡಲಿ?

ಹೆದರಿಕೆ ಒಳ್ಳೆಯದೇ. 2500 ಕಿಲೋದ ಗಾಡಿ 500 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ, 100 ಕಿ.ಮೀ. ವೇಗದಿಂದ ಹನ್ನೆರಡಕ್ಕೂ ಹೆಚ್ಚು ಸಲ ಪೂರ್ತಿ ನಿಲ್ಲಿಸಿದಷ್ಟು. ಗಾಳಿ, ಟೈರ್ ಸ್ವಲ್ಪ ತಿನ್ನುತ್ತವೆ. ಮಿಕ್ಕಿದ್ದು ಇಂಜಿನ್ ತಿನ್ನಬೇಕು, ಇಲ್ಲವೇ ಬ್ರೇಕ್.

ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಇಳಿಸಿ. ಆಟೋಮ್ಯಾಟಿಕ್ ಆದರೂ ಕೈಯಾರೆ ಎರಡು ಅಥವಾ ಮೂರಕ್ಕೆ ಹಾಕಿ. ಡಾಂಬರಿಲ್ಲದ ಕಡಿದಾದ ದಾರಿಯಾದರೆ ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ನಿಧಾನದ ಗೇರ್. ಬ್ರೇಕ್ ಮೇಲೆ ಕಾಲು ಸುಮ್ನೆ ಇಟ್ಟುಕೊಂಡೇ ಇಳಿಯಬೇಡಿ. ವೇಗ ಏರಿದಾಗ ಗಟ್ಟಿಯಾಗಿ ಒತ್ತಿ ಇಳಿಸಿ, ಪೂರ್ತಿ ಬಿಡಿ. ಆ ಬಿಟ್ಟ ಹೊತ್ತಿನಲ್ಲೇ ಡಿಸ್ಕ್ ಉಸಿರಾಡುವುದು.

ಕೈಕೊಡುವುದರಲ್ಲೂ ಎರಡು ಬಗೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಹಿಡಿತ ಹೋದರೆ ಪ್ಯಾಡ್ ಕಾದಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಆಯಿಲ್ ಕುದಿದಿದೆ. ಎರಡನೆಯದರಲ್ಲಿ ಪೆಡಲನ್ನು ಪಂಪ್ ಮಾಡುತ್ತಾ, ಗೇರ್ ಇಳಿಸುತ್ತಾ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆಯುತ್ತಾ ಬದಿಗೆ ಬನ್ನಿ. ಇಂಜಿನ್ ಆಫ್ ಮಾಡಬೇಡಿ, ಬೂಸ್ಟರಿಗೆ ವ್ಯಾಕ್ಯೂಮ್ ಸಿಗದಂತಾಗುತ್ತದೆ. ನಿಂತ ಮೇಲೆ ಹೊಗೆಯಾಡುವ ಚಕ್ರಕ್ಕೆ ನೀರು ಎರಚುವವರಿದ್ದಾರೆ. ಬೇಡ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಡಿಸ್ಕ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಅರ್ಧ ಮುಕ್ಕಾಲು ಗಂಟೆ ಕೂತು ಕಾಯಿರಿ.

ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡಾ?

ಹಾಗಂತ ಎಲ್ಲರೂ ಹೇಳುತ್ತಾರೆ. ಬಹಳ ಸಲ ಅದು ಬೆಂಡಲ್ಲ. ಕಾದ ಡಿಸ್ಕಿನ ಮೇಲೆ ಪ್ಯಾಡಿನ ಪದಾರ್ಥ ಒಂದೇ ಜಾಗದಲ್ಲಿ ಮೆತ್ತಿಕೊಂಡು ದಪ್ಪ ಏರುಪೇರಾಗಿರುತ್ತದೆ. ಘಾಟಿ ಇಳಿದ ಕೂಡಲೇ ಪೆಡಲ್ ಒತ್ತಿ ಹಿಡಿದು ನಿಂತರೆ ಹೀಗಾಗುತ್ತದೆ. ಇನ್ನೊಂದು ಕಾರಣ, ಡಿಸ್ಕ್ ಕೂರುವ ಹಬ್ಬಿನ ಮೇಲೆ ತುಕ್ಕು. ವೈರ್ ಬ್ರಷ್ ಹಾಕಿ ಉಜ್ಜದೆ ಹೊಸ ಡಿಸ್ಕ್ ಕೂರಿಸಿದರೆ ಅದೂ ಕೆಲವೇ ದಿನಗಳಲ್ಲಿ ನಡುಗುತ್ತದೆ.

ಹಾಗಾದರೆ ಟೈರ್‌ಗೆ ಎಷ್ಟು ಮಹತ್ವ?

ನಿಲ್ಲುವ ದೂರದ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ. ಟೈರ್ ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಸಂಕೇತದ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟ್ರೆಡ್ (ಟೈರಿನ ಮೈಮೇಲಿನ ಅಚ್ಚು) ಬೇಕಾದಷ್ಟಿದ್ದರೂ ವಯಸ್ಸಾದ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಕೆಸರಿಗೆಂದು ಮಾಡಿದ ದೊಡ್ಡ ಟ್ರೆಡ್ಡಿನ ಟೈರ್ ಒದ್ದೆ ಡಾಂಬರಿನ ಮೇಲೆ ಸಾದಾ ಟೈರಿನಷ್ಟು ಬೇಗ ನಿಲ್ಲಿಸುವುದಿಲ್ಲ. ಕಾಡಿಗೆ ವರ್ಷಕ್ಕೆ ಎರಡು ಸಲ, ಹೆದ್ದಾರಿಗೆ ದಿನಾ ಹೋಗುವವರು ಇದನ್ನು ಯೋಚಿಸಬೇಕು.

ಮನೆಯಲ್ಲಿ ನಾನೇ ಎಷ್ಟು ಮಾಡಬಹುದು?

ನೋಡುವುದು, ಅಳೆಯುವುದು, ಪಿನ್ ಕ್ಲೀನ್ ಮಾಡುವುದು, ಪ್ಯಾಡ್ ಬದಲಿಸುವುದು. ಕೈಕೆಲಸ ಗೊತ್ತಿದ್ದವರಿಗೆ ಇವು ಕಷ್ಟವಲ್ಲ. ಗಾಡಿಯನ್ನು ಬರೀ ಜ್ಯಾಕ್ ಮೇಲೆ ನಿಲ್ಲಿಸಿ ಕೆಲಸ ಮಾಡಬೇಡಿ, ಸ್ಟ್ಯಾಂಡ್ ಇಡಿ. ಬ್ರೇಕಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಬ್ರೇಕ್ ಕ್ಲೀನರ್‌ನಿಂದ ತೋಯಿಸಿ ಒರೆಸಿ. ಪಿಸ್ಟನ್ ಹಿಂದಕ್ಕೆ ತಳ್ಳಿದ ಮೇಲೆ ಗಾಡಿ ಕದಲಿಸುವ ಮುಂಚೆ ಪೆಡಲನ್ನು ಹಲವು ಸಲ ತುಳಿದು ಗಟ್ಟಿ ಮಾಡಿ. ಮರೆತರೆ ಮೊದಲ ಸಲ ತುಳಿದಾಗ ಬ್ರೇಕೇ ಇರುವುದಿಲ್ಲ. ನಾನು ಒಮ್ಮೆ ಮರೆತು ಗೋಡೆಗೆ ಒಂದು ಅಡಿ ಇರುವಾಗ ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ.

ಮಾಸ್ಟರ್ ಸಿಲಿಂಡರ್, ಬೂಸ್ಟರ್, ಎಬಿಎಸ್, ಹಿಂದಿನ ವಾಲ್ವ್ ಇವನ್ನು ತಿಳಿದವರಿಗೇ ಬಿಡಿ.

ಮಾಡಿಸಿದ ಕೆಲಸದಿಂದ ಸುಧಾರಿಸಿತೋ ಇಲ್ಲವೋ ತಿಳಿಯುವುದು ಹೇಗೆ?

ಅನಿಸಿಕೆ ನಂಬಬೇಡಿ, ಕಾಸು ಕೊಟ್ಟ ಮೇಲೆ ಎಲ್ಲವೂ ಚೆನ್ನಾಗಿಯೇ ಅನ್ನಿಸುತ್ತದೆ. ಜನ, ವಾಹನ ಇಲ್ಲದ ನೇರ, ಸಮತಟ್ಟಾದ, ಒಣಗಿದ ಜಾಗ ಹುಡುಕಿ. ಅಂಚಿನಲ್ಲಿ ಒಂದು ಗುರುತು ಇಡಿ. 60 ಕಿ.ಮೀ. ವೇಗದಲ್ಲಿ ಬಂದು ಗುರುತಿನ ಹತ್ತಿರ ಪೂರ್ತಿ ಬಲದಲ್ಲಿ ತುಳಿದು ನಿಲ್ಲಿಸಿ, ಟೇಪ್ ಹಿಡಿದು ಅಳೆಯಿರಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ, ನಡುವೆ ತಣ್ಣಗಾಗಲು ಬಿಡಿ. ಕೆಲಸ ಮಾಡಿಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಅದೇ ಜಾಗ, ಅದೇ ಟೈರ್ ಗಾಳಿ, ಗಾಡಿಯಲ್ಲಿ ಅಷ್ಟೇ ಭಾರ. ಬಿಸಿಯಲ್ಲಿ ಕೈಕೊಡುವ ದೂರಿದ್ದರೆ ತಣ್ಣಗಾಗಲು ಬಿಡದೆ ಆರು ಸಲ ಒಂದರ ಹಿಂದೆ ಒಂದು ಮಾಡಿ, ಮೊದಲನೆಯದಕ್ಕೂ ಆರನೆಯದಕ್ಕೂ ಇರುವ ವ್ಯತ್ಯಾಸ ಬರೆದಿಡಿ. ನನ್ನ ಗಾಡಿಯ ಸರ್ವಿಸ್ ಪುಸ್ತಕದ ಕೊನೆಯ ಹಾಳೆಯಲ್ಲಿ ಈಗ ಬರೀ ಮೀಟರ್ ಲೆಕ್ಕಗಳೇ ತುಂಬಿವೆ.